ಬೆಕ್ಕಿಗೆ ಶುಗರ್: ಬೆಳಿಗ್ಗೆ ರೀಡಿಂಗ್ 138 ಬಂದಿದೆ, ಇನ್ಸುಲಿನ್ ಕೊಡಲಾ ಬಿಡಲಾ?

ಗುಂಡನ ಮನೆ
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟ್. ನಮ್ಮ ಗುಂಡ ಗಂಡು ಬೆಕ್ಕು, ಆಪರೇಷನ್ ಆಗಿದೆ, ವಯಸ್ಸು ಒಂಬತ್ತು, ತೂಕ 6.8 ಕೆ.ಜಿ. ಇತ್ತೀಚೆಗೆ ನೀರು ಕುಡಿಯೋದು ವಿಪರೀತ ಆಗಿತ್ತು. ಬಟ್ಟಲಲ್ಲಿ ಇಟ್ಟಿದ್ದು ಸಾಲದೆ ಬಚ್ಚಲಿನ ಬಕೆಟ್‌ಗೆ ತಲೆ ಹಾಕ್ತಿದ್ದ. ಆಮೇಲೆ ಲಿಟರ್ ಟ್ರೇಗೆ ಇರುವೆ ಮುತ್ತೋಕೆ ಶುರುವಾಯ್ತು. ಅದನ್ನು ನೋಡಿ ನಮ್ಮ ಮಾವನೇ "ಇವನಿಗೂ ಶುಗರ್ ಕಣಮ್ಮ" ಅಂದರು. ಅವರಿಗೆ ಶುಗರ್ ಬಂದು ಎಷ್ಟೋ ವರ್ಷ ಆಗಿದೆ.

ಡಾಕ್ಟರ್ ಹತ್ತಿರ ಹೋದಾಗ 412 ಇತ್ತು. ಫ್ರಕ್ಟೋಸಮೈನ್ (ಹಿಂದಿನ ಕೆಲವು ವಾರದ ಶುಗರ್ ತೋರಿಸೋ ರಕ್ತ ಪರೀಕ್ಷೆ) ಕೂಡ ಜಾಸ್ತಿ. ಗ್ಲಾರ್ಜಿನ್ ಅನ್ನೋ ಇನ್ಸುಲಿನ್ ಬರೆದುಕೊಟ್ಟಿದ್ದಾರೆ, 12 ಗಂಟೆಗೊಮ್ಮೆ ಒಂದು ಯೂನಿಟ್. ಮನೆಯಲ್ಲೇ ಚೆಕ್ ಮಾಡ್ತಾ ಇರಿ ಅಂದರು. ಎಷ್ಟಕ್ಕಿಂತ ಕಡಿಮೆ ಇದ್ದರೆ ಕೊಡಬಾರದು ಅನ್ನೋ ಮಾತು ಬರಲೇ ಇಲ್ಲ. ಇವತ್ತು ಬೆಳಿಗ್ಗೆ 7ಕ್ಕೆ ನೋಡಿದರೆ 138! ಡಾಕ್ಟರ್ ಫೋನ್ ತೆಗೀತಿಲ್ಲ, ಕ್ಲಿನಿಕ್ ತೆರೆಯೋದು ಹತ್ತಕ್ಕೆ. ಅವನು ತಟ್ಟೆ ಮುಂದೆ ಕೂತು ಕಿರುಚ್ತಾ ಇದ್ದಾನೆ. ಏನು ಮಾಡಲಿ?

ಬೆಕ್ಕಿನ ಹಿಂದೆ
ಕೊಡಬೇಡಿ. ಊಟಾನೂ ಹಾಕಬೇಡಿ ಈಗಲೇ.

ಅಲ್ರೀ ಧಾರವಾಡ
ಅಲ್ರೀ, ಡಾಕ್ಟರ್ ಒಂದು ಯೂನಿಟ್ ಅಂದಮೇಲೆ ಒಂದು ಯೂನಿಟ್. ನಮ್ಮ ತಂದೆಯವರಿಗೆ ಡೋಸ್ ತಪ್ಪಿಸಬೇಡಿ ಅಂತ ಡಾಕ್ಟರ್ ಪದೇ ಪದೇ ಹೇಳ್ತಾರೆ. ಇಲ್ಲಿ ಎಲ್ಲರೂ ಕೊಡಬೇಡಿ ಕೊಡಬೇಡಿ ಅಂತ ಹೆದರಿಸಿದರೆ ಬೆಕ್ಕಿನ ಶುಗರ್ ಇಳಿಯೋದು ಯಾವಾಗ?

ಪುಟ್ಟಿ ಮೈಸೂರು
ಧಾರವಾಡದವರೇ, ನಿಮ್ಮ ತಂದೆಯವರು ತಲೆ ಸುತ್ತಿದರೆ ಬಾಯಿ ಬಿಟ್ಟು ಹೇಳ್ತಾರೆ. ಬೆಕ್ಕು ಸೋಫಾ ಕೆಳಗೆ ಹೋಗಿ ಮಲಗಿಬಿಡುತ್ತೆ. ನೀವು ಆಫೀಸಿಗೆ ಹೋಗಿರ್ತೀರಿ.

ಗುಂಡನ ಮನೆಯವರೇ, ಗಾಬರಿ ಬೇಡ. ಹೀಗೆ ಮಾಡಿ. ಊಟ ಕೊಡದೆ ಒಂದು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಊಟ ಹಾಕಿ ನೋಡಿದರೆ ಏರಿದ್ದು ಊಟದಿಂದಾನಾ ಅಥವಾ ಇನ್ಸುಲಿನ್ ಇಳೀತಾ ಇರೋದ್ರಿಂದಾನಾ ಗೊತ್ತಾಗಲ್ಲ. ಹೊಸಬರಿಗೆ ಗ್ಲಾರ್ಜಿನ್ ವಿಷಯದಲ್ಲಿ ಬೆಕ್ಕು ಸಾಕೋರು ಇಟ್ಟುಕೊಂಡಿರೋ ಗೆರೆ 200. ಅದಕ್ಕಿಂತ ಕಡಿಮೆ ಇದ್ದರೆ ಕಾಯಿರಿ. ಮತ್ತೆ ನೋಡಿದಾಗಲೂ 200 ದಾಟದಿದ್ದರೆ ಆ ಹೊತ್ತಿನ ಡೋಸ್ ಬಿಡಿ, ಡಾಕ್ಟರ್ ಕ್ಲಿನಿಕ್ ತೆರೆದ ಕೂಡಲೇ ಕೇಳಿ. ಒಂದು ಹೊತ್ತು ಶುಗರ್ ಜಾಸ್ತಿ ಇದ್ದರೆ ಬೆಕ್ಕಿಗೆ ಏನೂ ಆಗಲ್ಲ. ಒಂದು ಹೊತ್ತು ಪೂರ್ತಿ ಇಳಿದರೆ ಫಿಟ್ಸ್ ಬರಬಹುದು, ಜೀವಾನೇ ಹೋಗಬಹುದು.

ಇನ್ನೊಂದು: ಮನುಷ್ಯರ ಮೀಟರ್ ಬೆಕ್ಕಿನ ರಕ್ತಕ್ಕೆ ಸಾಮಾನ್ಯವಾಗಿ ನಿಜಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತೆ. ಹಾಗಂತ 138 ಅನ್ನು ನೀವೇ 170 ಅಂತ ಲೆಕ್ಕ ಹಾಕಿಕೊಂಡು ಕೊಡೋಕೆ ಹೋಗಬೇಡಿ. ಅದೇ ಮೀಟರ್, ಅದೇ ಗೆರೆ, ಅಷ್ಟೇ.

ಗುಂಡನ ಮನೆ
7:35ಕ್ಕೆ 151. ಕೊಡಲಿಲ್ಲ. ಊಟ ಹಾಕಿದೆ, ಚೆನ್ನಾಗಿ ತಿಂದ. ಥ್ಯಾಂಕ್ಸ್ ಪುಟ್ಟಿ ಅವರೇ. ಹತ್ತಕ್ಕೆ ಫೋನ್ ಮಾಡ್ತೀನಿ.

ಹಾಗೇ ಇನ್ನೊಂದು ಪ್ರಶ್ನೆ. ಕ್ಲಿನಿಕ್‌ನಲ್ಲಿ ಕೊಟ್ಟ ಸಿರಿಂಜ್ ಮುಗೀತಾ ಬಂದಿದೆ. ಮಾವನವರ ಇನ್ಸುಲಿನ್ ಸಿರಿಂಜ್ ಒಂದು ಪ್ಯಾಕೆಟ್ ಮನೇಲಿ ಇದೆ, ಕೆಂಪು ಮುಚ್ಚಳದ್ದು. ಗುಂಡನದ್ದು ಕಿತ್ತಳೆ ಮುಚ್ಚಳ. ಎರಡೂ ಇನ್ಸುಲಿನ್ ಸಿರಿಂಜೇ ಅಲ್ವಾ, ಸಂಜೆಗೆ ಅದನ್ನೇ ಬಳಸಬಹುದಾ?

ಬೆಕ್ಕಿನ ಹಿಂದೆ
ಬೇಡ ಬೇಡ ಬೇಡ!!

ಔಷಧಿ ಅಂಗಡಿ ತುಮಕೂರು
ನಾನು ಫಾರ್ಮಸಿಸ್ಟ್. ಇದನ್ನು ಎಲ್ಲರೂ ಒಂದು ಸಲ ಓದಿ.

ನಮ್ಮ ದೇಶದಲ್ಲಿ ಎರಡು ತರದ ಇನ್ಸುಲಿನ್ ಪಕ್ಕಪಕ್ಕದಲ್ಲೇ ಮಾರಾಟ ಆಗುತ್ತೆ. ಮನುಷ್ಯರಿಗೆ ಬರೆದುಕೊಡೋ ಮಿಕ್ಸ್ಟಾರ್ಡ್ ತರದ ಬಾಟಲಿಗಳು ಬಹಳ ಕಡೆ 40ರವು, ಅಂದರೆ ಒಂದು ಎಂ.ಎಲ್.ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಗ್ಲಾರ್ಜಿನ್ (ಲ್ಯಾಂಟಸ್, ಬೆಂಗಳೂರಿನ ಬಯೋಕಾನ್‌ನವರ ಬೇಸಲಾಗ್ ಇತ್ಯಾದಿ) ಬರೋದು 100ರಲ್ಲಿ. ಅದಕ್ಕೆ ಕಿತ್ತಳೆ ಮುಚ್ಚಳ. ಕೆಂಪು ಸಿರಿಂಜಿನ ಒಂದು ಯೂನಿಟ್ ಗೆರೆವರೆಗೆ ಗ್ಲಾರ್ಜಿನ್ ಎಳೆದರೆ ಒಳಗೆ ಬರೋದು ಒಂದಲ್ಲ, ಎರಡೂವರೆ ಯೂನಿಟ್. ಮನುಷ್ಯರಿಗೇ ಇದು ಅಪಾಯ. ಏಳು ಕೆ.ಜಿ. ಕೂಡ ಇಲ್ಲದ ಬೆಕ್ಕಿಗೆ ಹೇಗಿರುತ್ತೆ ಯೋಚನೆ ಮಾಡಿ.

ಬಾಟಲಿ ಮೇಲೆ ಬರೆದಿರೋ ನಂಬರೂ ಸಿರಿಂಜ್ ಮೇಲೆ ಬರೆದಿರೋ ನಂಬರೂ ಒಂದೇ ಇರಬೇಕು. ಬಣ್ಣ ನೋಡಿ, ಜೊತೆಗೆ ನಂಬರ್ ಓದಿ.

ಸಂಡೂರು ಸುರೇಶ
ಲೆಕ್ಕ ಬಂದರೆ ಆಯ್ತಲ್ಲ ಸಾರ್. ಕೆಂಪು ಸಿರಿಂಜಿನಲ್ಲಿ 0.4 ಗೆರೆವರೆಗೆ ಎಳೆದರೆ ಸರಿಯಾಗಿ ಒಂದು ಯೂನಿಟ್ ಗ್ಲಾರ್ಜಿನ್.

ಪುಟ್ಟಿ ಮೈಸೂರು
0.4 ಗೆರೆ ತೋರಿಸಿ ಸುರೇಶ್ ಅವರೇ, ನಾನೂ ನೋಡ್ತೀನಿ. 😀 ಬೆಳಿಗ್ಗೆ ಏಳು ಗಂಟೆಗೆ, ಒಂದು ಕೈಯಲ್ಲಿ ಬೆಕ್ಕು ಹಿಡಿದುಕೊಂಡು?

ಸಂಡೂರು ಸುರೇಶ
ಸರಿ, ಗೆರೆ ಇಲ್ಲ. ಲೆಕ್ಕ ಸರಿ ಇತ್ತು ಅಂದೆ ಅಷ್ಟೇ.

ಔಷಧಿ ಅಂಗಡಿ ತುಮಕೂರು
ಇದರ ಉಲ್ಟಾ ಪದ್ಧತಿ ಇದೆ. ನಾಯಿ ಬೆಕ್ಕುಗಳಿಗೇ ಅಂತ ಮಾಡಿದ ಕ್ಯಾನಿನ್ಸುಲಿನ್ 40ರದ್ದು. ಸಣ್ಣ ಡೋಸ್ ಅಳೆಯೋಕೆ ಕೆಲವು ಡಾಕ್ಟರ್‌ಗಳು ಅದನ್ನು 100ರ ಸಿರಿಂಜಿನಲ್ಲಿ, ಎರಡೂವರೆಯಿಂದ ಗುಣಿಸಿ ಎಳೆಯೋಕೆ ಹೇಳ್ತಾರೆ. ಅದು ಡಾಕ್ಟರ್ ಕೂತು ಬರೆದುಕೊಟ್ಟರೆ ಮಾತ್ರ. ಮನೇಲಿ ಎರಡು ತರದ ಇನ್ಸುಲಿನ್ ಇದ್ದರೆ ಡಬ್ಬ ಬೇರೆ, ಶೆಲ್ಫ್ ಬೇರೆ ಮಾಡಿಬಿಡಿ.

ಜಯನಗರ ಜಿ.
ನಮ್ಮ ಏರಿಯಾದ ಒಂದು ಮೆಡಿಕಲ್ ಶಾಪ್‌ನಲ್ಲಿ 100ರದ್ದು ಕೇಳಿದರೆ ಕೆಂಪು ಕೊಟ್ಟು "ಎಲ್ಲಾ ಒಂದೇ ಮೇಡಂ" ಅಂದ. ಒಂದೇ ಆಗಿದ್ದರೆ ಎರಡು ಬಣ್ಣ ಯಾಕಪ್ಪ ಅಂತ ಕೇಳಿದ್ದಕ್ಕೆ "ಡಿಸೈನ್" ಅಂದ.

ಗುಂಡನ ಮನೆ
ಅಯ್ಯೋ ದೇವರೇ. ಕೇಳಿದ್ದು ಒಳ್ಳೇದಾಯ್ತು. ಮಾವನ ಪ್ಯಾಕೆಟ್ ಅವರ ರೂಮಿಗೆ ವಾಪಸ್ ಹೋಯ್ತು.

ಕುಂದಾಪುರ ಕಾಮತ್
ಒಂದು ಅನುಮಾನ. 412 ಇದ್ದಿದ್ದು ಒಂದೇ ಯೂನಿಟ್‌ಗೆ ಇಷ್ಟು ಬೇಗ 138ಕ್ಕೆ ಬಂತಾ? ಊಟ ಏನಾದರೂ ಬದಲಾಯಿಸಿದಿರಾ?

ಗುಂಡನ ಮನೆ
ಹೌದು! ಮೊದಲು ಡ್ರೈ ಫುಡ್, ಮಧ್ಯಾಹ್ನ ಸ್ವಲ್ಪ ಹಾಲು ಅನ್ನ. ಮೊನ್ನೆಯಿಂದ ಎರಡನ್ನೂ ಪೂರ್ತಿ ನಿಲ್ಲಿಸಿ ಪೌಚ್ (ಬೆಕ್ಕಿನ ಒದ್ದೆ ಊಟದ ಪ್ಯಾಕೆಟ್) ಮತ್ತು ಬೇಯಿಸಿದ ಚಿಕನ್ ಕೊಡ್ತಾ ಇದ್ದೀವಿ. ಒಳ್ಳೇದು ಅಂತ ಎಲ್ಲೋ ಓದಿದ್ದೆ.

ಪುಟ್ಟಿ ಮೈಸೂರು
ಅಲ್ಲೇ ಇದೆ ನಿಮ್ಮ 138! ಕಾಮತ್ ಮಾಮ್ ಸರಿಯಾಗಿ ಹಿಡಿದರು.

ಡ್ರೈ ಫುಡ್‌ನಲ್ಲಿ ಪಿಷ್ಟ ತುಂಬಾ, ಮೂರನೇ ಒಂದು ಭಾಗ ಅದೇ ಇರೋ ಬ್ರ್ಯಾಂಡ್‌ಗಳೂ ಇವೆ. ಅನ್ನದ ಬಗ್ಗೆ ಹೇಳೋದೇ ಬೇಡ. ಬೆಕ್ಕಿನ ಮೈ ಮಾಂಸಕ್ಕೆ ಒಗ್ಗಿದ್ದು. ಅದನ್ನು ತೆಗೆದು ಪೌಚ್ ಕೊಟ್ಟರೆ ಕೆಲವು ಬೆಕ್ಕುಗಳಲ್ಲಿ ಶುಗರ್ ಧಡ್ ಅಂತ ಇಳಿಯುತ್ತೆ. ಬದಲಾವಣೆ ಒಳ್ಳೇದೇ, ಮುಂದೆ ಇನ್ಸುಲಿನ್ನೇ ಬೇಡ ಅನ್ನೋ ಹಂತಕ್ಕೂ ಹೋಗಬಹುದು. ಆದರೆ ಹಳೇ ಊಟಕ್ಕೆ ಲೆಕ್ಕ ಹಾಕಿದ ಡೋಸ್ ಹೊಸ ಊಟಕ್ಕೆ ಜಾಸ್ತಿ ಆಗುತ್ತೆ. ಹತ್ತಕ್ಕೆ ಫೋನ್ ಮಾಡಿದಾಗ ಮೊದಲು ಹೇಳಬೇಕಾದ್ದು ಇದು.

ಕುಂದಾಪುರ ಕಾಮತ್
ಅಲರ್ಜಿಗೆ ಅಂತ ಸ್ಟಿರಾಯ್ಡ್ ಇಂಜೆಕ್ಷನ್ ಏನಾದರೂ ಆಗಿತ್ತಾ? ಅದರಿಂದಲೂ ಶುಗರ್ ಶುರುವಾಗುತ್ತೆ. ಔಷಧದ ಪ್ರಭಾವ ಇಳಿದಂತೆ ಇನ್ಸುಲಿನ್ ಬೇಕಾಗೋದೂ ಕಡಿಮೆ ಆಗುತ್ತೆ.

ಗುಂಡನ ಮನೆ
ಆಗಿದೆ ಸರ್, ಕೆರೆತಕ್ಕೆ. ಬೇರೆ ಡಾಕ್ಟರ್ ಕೊಟ್ಟಿದ್ದು. ಅದನ್ನೂ ಇವತ್ತು ಹೇಳ್ತೀನಿ.

ಶುದ್ಧ ಸಸ್ಯಾಹಾರಿ
ನಮ್ಮ ಮನೇಲಿ ಮೂರು ತಲೆಮಾರಿನಿಂದ ಬೆಕ್ಕುಗಳು ಮೊಸರನ್ನ ತಿಂದುಕೊಂಡೇ ಬದುಕಿವೆ. ಯಾವುದಕ್ಕೂ ಶುಗರ್ ಬಂದಿಲ್ಲ. ರಾತ್ರಿ ನೆನೆಸಿದ ಮೆಂತ್ಯದ ನೀರು, ಸ್ವಲ್ಪ ಹಾಗಲಕಾಯಿ ರಸ ಕೊಟ್ಟು ನೋಡಿ. ಇಂಜೆಕ್ಷನ್ ಆಮೇಲೆ ಇದ್ದೇ ಇದೆ.

ಬೆಕ್ಕಿನ ಹಿಂದೆ
ಸ್ವಾಮಿ, ಆ ಬೆಕ್ಕುಗಳು ನಿಮ್ಮ ಮನೇಲಿ ಮೊಸರನ್ನ ತಿಂದು ಅಟ್ಟದ ಮೇಲೆ ಇಲಿ ಊಟ ಮಾಡ್ತಿದ್ದವು. ನಿಮಗೆ ಹೇಳಿರಲಿಲ್ಲ ಅಷ್ಟೇ.

ಮಂಗಳೂರು ಮೀನು
😂😂 ನಮ್ಮಲ್ಲಿ ಆ ಗುಟ್ಟು ಇಲ್ಲ. ಬೂತಾಯಿ ತಲೆ ನೇರ ಅಂಗಳಕ್ಕೆ.

ಪುಟ್ಟಿ ಮೈಸೂರು
ಸಸ್ಯಾಹಾರಿಗಳೇ, ಬೇಜಾರು ಮಾಡ್ಕೋಬೇಡಿ. ನಮ್ಮದೂ ಈರುಳ್ಳಿ ಬೆಳ್ಳುಳ್ಳಿ ಸೇರದ ಮನೆ. ಬೆಕ್ಕಿನ ಪೌಚ್ ತೆರೆಯೋದು ಹಿತ್ತಲಲ್ಲಿ, ಅತ್ತೆ ಮೂಗು ಮುಚ್ಚಿಕೊಂಡೇ ಒಪ್ಪಿದ್ದಾರೆ. ಟಾರಿನ್ ಅಂತ ಒಂದು ಅಂಶ ಇದೆ, ಬೆಕ್ಕಿಗೆ ಅದು ಮಾಂಸದಿಂದಲೇ ಸಿಗಬೇಕು. ಇಲ್ಲದಿದ್ದರೆ ಕಣ್ಣು, ಹೃದಯ ಎರಡಕ್ಕೂ ಪೆಟ್ಟು. ಬರೀ ಬೇಯಿಸಿದ ಚಿಕನ್ ಮೇಲೂ ಬೆಕ್ಕನ್ನು ಇಡಬಾರದು, ಅದು ಪೂರ್ತಿ ಊಟ ಅಲ್ಲ. ಪೌಚ್ ಮೇಲೆ ಅದು ಪೂರ್ಣ ಆಹಾರ ಅಂತ ಬರೆದಿದೆಯಾ ನೋಡಿ ತಗೊಳ್ಳಿ.

ಹಾಗಲಕಾಯಿ ರಸ ಬೆಕ್ಕಿನ ಬಾಯಿಗೆ ಹಾಕಿ ನೋಡಿ ಅಂತ ನಾನಂತೂ ಯಾರಿಗೂ ಹೇಳಲ್ಲ. ಬಾಯಲ್ಲಿ ನೊರೆ ಬರುತ್ತೆ, ಊಟಾನೂ ಬಿಡುತ್ತೆ. ಶುಗರ್ ಇರೋ ಬೆಕ್ಕು ಊಟ ಬಿಟ್ಟು ವಾಂತಿ ಶುರು ಮಾಡಿದರೆ ಅದು ಆಸ್ಪತ್ರೆಗೆ ಓಡೋ ವಿಷಯ, ಮನೆಮದ್ದಿನದ್ದಲ್ಲ. ಮೂತ್ರದಲ್ಲಿ ಕೀಟೋನ್ (ಇನ್ಸುಲಿನ್ ಸಾಲದೆ ಮೈ ಕೊಬ್ಬು ಕರಗಿಸಿದಾಗ ಬರೋ ಆಮ್ಲ) ಬಂದಿರಬಹುದು.

ಚಿಕ್ಕಪೇಟೆ ಚಂದ್ರು
ಮೂತ್ರದ ಪಟ್ಟಿ ಸಿಗುತ್ತಲ್ಲ, ಅದರಲ್ಲೇ ಶುಗರ್ ನೋಡಿದರೆ ಸಾಲದಾ? ಕಿವಿ ಚುಚ್ಚೋದು ಪಾಪ ಅನಿಸುತ್ತೆ.

ಔಷಧಿ ಅಂಗಡಿ ತುಮಕೂರು
ಕೀಟೋನ್ ನೋಡೋಕೆ ಅದು ಬೇಕು, ಮನೇಲಿ ಒಂದು ಡಬ್ಬ ಇರಲಿ. ಡೋಸ್ ತೀರ್ಮಾನಕ್ಕೆ ಬರಲ್ಲ. ರಕ್ತದಲ್ಲಿ ಹೆಚ್ಚುಕಡಿಮೆ 250 ದಾಟಿದ ಮೇಲೇನೇ ಬೆಕ್ಕಿನ ಮೂತ್ರಕ್ಕೆ ಸಕ್ಕರೆ ಇಳಿಯೋದು. 60 ಇದ್ದರೂ 200 ಇದ್ದರೂ ಪಟ್ಟಿ ಒಂದೇ ಬಣ್ಣ.

ಚಿಕ್ಕಪೇಟೆ ಚಂದ್ರು
ಹಾಗಾದರೆ ಕಿವಿ ಚುಚ್ಚೋದು ಹೇಗೆ ಅಂತ ಯಾರಾದರೂ ಸರಿಯಾಗಿ ಹೇಳಿ. ನಮ್ಮದು ಉಗುರು ಕತ್ತರಿ ನೋಡಿದರೇನೇ ಮಂಚದ ಕೆಳಗೆ.

ಪುಟ್ಟಿ ಮೈಸೂರು
ನಾನು ಮಾಡೋದು ಹೇಳ್ತೀನಿ.

ಹಳೇ ಕಾಲುಚೀಲಕ್ಕೆ ಒಂದು ಹಿಡಿ ಅಕ್ಕಿ ತುಂಬಿ ಗಂಟು ಕಟ್ಟಿ, ತವಾ ಮೇಲೋ ಮೈಕ್ರೋವೇವ್‌ನಲ್ಲೋ ಬೆಚ್ಚಗೆ ಮಾಡಿ. ನಿಮ್ಮ ಕೆನ್ನೆಗೆ ಇಟ್ಟು ನೋಡಿ, ಬಿಸಿ ಅನಿಸಬಾರದು. ಅದನ್ನು ಬೆಕ್ಕಿನ ಕಿವಿಗೆ ಸ್ವಲ್ಪ ಹೊತ್ತು ಹಿಡಿಯಿರಿ. ಕಿವಿ ತಣ್ಣಗಿದ್ದರೆ ಎಷ್ಟು ಚುಚ್ಚಿದರೂ ರಕ್ತ ಬರಲ್ಲ. ಕಿವಿಯ ಅಂಚಿನ ಉದ್ದಕ್ಕೂ ಒಂದು ನರ ಕಾಣುತ್ತೆ. ನರಕ್ಕೇ ಚುಚ್ಚಬೇಡಿ, ನರಕ್ಕೂ ಅಂಚಿಗೂ ನಡುವೆ ಇರೋ ಸಣ್ಣ ಜಾಗಕ್ಕೆ. ಅಲ್ಲಿ ವ್ಯಾಸಲೀನ್ ತೆಳ್ಳಗೆ, ತೀರಾ ತೆಳ್ಳಗೆ ಸವರಿ. ಆಗ ರಕ್ತ ಕೂದಲಿಗೆ ಹರಡದೆ ಗುಂಡಗೆ ನಿಲ್ಲುತ್ತೆ. ಕಿವಿ ಹಿಂದೆ ಹತ್ತಿ ಮಡಚಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಆ ಕಡೆಯಿಂದ ಬಂದು ನಿಮ್ಮ ಬೆರಳಿಗೇ ಚುಚ್ಚುತ್ತೆ. ನಿಮ್ಮ ಶುಗರ್ ಗೊತ್ತಾಗುತ್ತೆ, ಬೆಕ್ಕಿನದ್ದಲ್ಲ. ಹೊಸದರಲ್ಲಿ ಸ್ವಲ್ಪ ದಪ್ಪ ಲ್ಯಾನ್ಸೆಟ್ (ಚುಚ್ಚೋ ಸಣ್ಣ ಸೂಜಿ) ತಗೊಳ್ಳಿ. ಸ್ಟ್ರಿಪ್ಪನ್ನು ಹನಿಯ ಪಕ್ಕಕ್ಕೆ ತಂದರೆ ಸಾಕು, ಅದೇ ಹೀರಿಕೊಳ್ಳುತ್ತೆ. ಆಮೇಲೆ ಹತ್ತಿಯಿಂದ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಕಿವಿ ನೀಲಿ ಆಗುತ್ತೆ.

ಪ್ರತಿ ಸಲ, ರಕ್ತ ಬಂದರೂ ಬರದಿದ್ದರೂ, ಒಂದು ಚೂರು ಚಿಕನ್. ನಮ್ಮವಳು ಈಗ ಮೀಟರ್ ಡಬ್ಬದ ಜಿಪ್ ಸದ್ದಿಗೇ ಓಡಿ ಬರ್ತಾಳೆ.

ಜಯನಗರ ಜಿ.
ಒಂದು ಸಲಹೆ: ಬೆಕ್ಕಿಗೆ ಬೇರೆ ಮೀಟರ್ ಇಟ್ಟುಕೊಳ್ಳಿ. ನಾವು ಅಪ್ಪನದ್ದನ್ನೇ ಬಳಸ್ತಿದ್ವಿ. ಅಪ್ಪನ ಡಾಕ್ಟರ್ ಮೀಟರ್ ಮೆಮೊರಿ ಒತ್ತಿ ನೋಡಿ, ರಾತ್ರಿ ಏಳಕ್ಕೆ 390, ಎಂಟಕ್ಕೆ 112, ಏನ್ ಸಾರ್ ಏನು ತಿಂತೀರಿ ನೀವು ಅಂತ ಬೈದು ಡೋಸ್ ಬದಲಾಯಿಸೋಕೆ ಹೊರಟಿದ್ದರು. 390 ನಮ್ಮ ಚಿನ್ನುವಿನದ್ದು.

ಗುಂಡನ ಮನೆ
ನಮ್ಮ ಮಾವ ಇದನ್ನು ಓದಿ ಬಿದ್ದು ಬಿದ್ದು ನಗ್ತಾ ಇದ್ದಾರೆ. ಹೊಸ ಮೀಟರ್ ಅವರೇ ತರ್ತಾರಂತೆ.

ಸನ್ನಿವೇಲ್ ಕನ್ನಡತಿ
ನಾವು ಇಲ್ಲಿ ಫ್ರೀಸ್ಟೈಲ್ ಲಿಬ್ರೆ ಹಾಕಿಸಿದ್ವಿ, ಮನುಷ್ಯರ ಸೆನ್ಸರ್. ಭುಜದ ಹತ್ತಿರ ಕೂದಲು ಬೋಳಿಸಿ ಅಂಟಿಸ್ತಾರೆ, ಫೋನ್ ಹಿಡಿದರೆ ರೀಡಿಂಗ್. 14 ದಿನ ಬರಬೇಕು ಅಂತ ಇದೆ, ಬೆಕ್ಕಿನ ಮೈಮೇಲೆ ಅಷ್ಟು ದಿನ ಉಳಿದರೆ ಅದೃಷ್ಟ. ರಾತ್ರಿ ಎರಡು ಗಂಟೆಗೆ ಏನಾಗ್ತಿದೆ ಅನ್ನೋದು ಮೊದಲ ಸಲ ಗೊತ್ತಾಯ್ತು. ಆದರೆ ತುಂಬಾ ಕಡಿಮೆ ತೋರಿಸಿದಾಗ ಕಿವಿಯಿಂದಲೇ ಖಾತ್ರಿ ಮಾಡಿಕೊಳ್ಳಬೇಕು. ಅದು ನೋಡೋದು ರಕ್ತದಲ್ಲಲ್ಲ, ಚರ್ಮದ ಕೆಳಗಿನ ದ್ರವದಲ್ಲಿ. ಸ್ವಲ್ಪ ಹಿಂದೆ ಬೀಳುತ್ತೆ.

ಇಲ್ಲಿ ಈಗ ಬಾಯಿಂದ ಕೊಡೋ ಔಷಧಾನೂ ಬಂದಿದೆ. 2022ರ ಡಿಸೆಂಬರ್‌ನಲ್ಲಿ ಬೆಕ್ಸಾಕ್ಯಾಟ್ ಮಾತ್ರೆಗೆ, 2023ರಲ್ಲಿ ಸೆನ್ವೆಲ್ಗೋ ದ್ರವಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಅಲ್ರೀ ಧಾರವಾಡ
ಅಲ್ರೀ ಮಾತ್ರೆ ಇದ್ದರೆ ಈ ಸೂಜಿ ಗೋಳು ಯಾಕೆ? ಅಲ್ಲಿಂದ ತರಿಸಿಬಿಡಿ!

ಸನ್ನಿವೇಲ್ ಕನ್ನಡತಿ
ಗುಂಡನಿಗೆ ಆಗಲ್ಲ. ಈಗಾಗಲೇ ಇನ್ಸುಲಿನ್ ಶುರುವಾದ ಬೆಕ್ಕಿಗೆ ಅವನ್ನು ಕೊಡಬಾರದು ಅಂತಲೇ ಲೇಬಲ್‌ನಲ್ಲಿದೆ. ಆ ಔಷಧದಲ್ಲಿ ಶುಗರ್ ಮಾಮೂಲಿ ತೋರಿಸ್ತಾ ಇದ್ದರೂ ಒಳಗೆ ಕೀಟೋನ್ ಏರಿ ಬೆಕ್ಕು ಸಾಯೋ ಅಪಾಯ ಇದೆ. ಸೂಟ್‌ಕೇಸ್‌ನಲ್ಲಿ ತರಿಸಿ ಕೊಡೋ ವಿಷಯ ಅಲ್ಲ ಇದು.

ಶಿರಸಿ ಹೆಗಡೆ
ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರೋದಿಲ್ಲ. ಇನ್ಸುಲಿನ್ ಏನು ಮಾಡೋದು?

ಔಷಧಿ ಅಂಗಡಿ ತುಮಕೂರು
ಬಾಟಲಿಯನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ಸಣ್ಣ ಡಬ್ಬದಲ್ಲಿಟ್ಟು, ಆ ಡಬ್ಬವನ್ನು ನೀರಿರೋ ಮಣ್ಣಿನ ಮಡಕೆಯಲ್ಲಿಡಿ. ನೆರಳಲ್ಲಿರಲಿ. ಹಳ್ಳಿಗಳಲ್ಲಿ ಮನುಷ್ಯರ ಇನ್ಸುಲಿನ್‌ಗೂ ಇದನ್ನೇ ಹೇಳ್ತೀವಿ. ಐಸ್ ಮೇಲೆ ನೇರ ಇಡಬೇಡಿ, ಫ್ರೀಜರ್‌ನಲ್ಲಂತೂ ಬೇಡವೇ ಬೇಡ. ಒಂದು ಸಲ ಹೆಪ್ಪುಗಟ್ಟಿದರೆ ಎಸೆಯಿರಿ. ಗ್ಲಾರ್ಜಿನ್ ನೀರಿನ ಹಾಗೆ ತಿಳಿಯಾಗಿರಬೇಕು, ಮಸುಕಾದರೆ ಅದನ್ನೂ ಎಸೆಯಿರಿ. ತೆರೆದ ಮೇಲೆ 28 ದಿನ ಅಂತ ಲೇಬಲ್‌ನಲ್ಲಿರುತ್ತೆ. ಫ್ರಿಜ್‌ನಲ್ಲಿಟ್ಟು ಇನ್ನೂ ಬಳಸೋರು ಇದ್ದಾರೆ, ಅದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿ.

ಬಳಸಿದ ಸೂಜಿ ದಯವಿಟ್ಟು ಕಸದ ಬುಟ್ಟಿಗೆ ಹಾಗೇ ಹಾಕಬೇಡಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮುಚ್ಚಳ ಹಾಕಿ, ಕ್ಲಿನಿಕ್‌ಗೆ ಕೊಡಿ. ಕಸ ಬೇರೆ ಮಾಡೋರ ಕೈಗೆ ಚುಚ್ಚುತ್ತೆ.

ಗುಂಡನ ಮನೆ
ಡಾಕ್ಟರ್ ಸಿಕ್ಕರು. ಊಟದ ವಿಷಯ, ಸ್ಟಿರಾಯ್ಡ್ ವಿಷಯ ಎರಡೂ ಹೇಳಿದೆ. ಡೋಸ್ ಅರ್ಧ ಯೂನಿಟ್‌ಗೆ ಇಳಿಸಿದ್ದಾರೆ. 200ಕ್ಕಿಂತ ಕಡಿಮೆ ಇದ್ದರೆ ಕೊಡದೆ ಫೋನ್ ಮಾಡಿ ಅಂದರು, ಅದನ್ನು ಚೀಟಿಯಲ್ಲಿ ಬರೆಸಿಕೊಂಡೆ. ಭಾನುವಾರ ಎರಡೆರಡು ಗಂಟೆಗೊಮ್ಮೆ ನೋಡಿ ಬರೆದು ಕಳಿಸಬೇಕಂತೆ. ಅರ್ಧ ಯೂನಿಟ್ ಹೇಗೆ ಅಳೆಯೋದು?

ಪುಟ್ಟಿ ಮೈಸೂರು
0.3 ಎಂ.ಎಲ್. ಸಿರಿಂಜ್ ಕೇಳಿ, 100ರದ್ದೇ, ಅರ್ಧರ್ಧ ಯೂನಿಟ್‌ಗೆ ಗೆರೆ ಇರೋದು. ಅಂಗಡಿಯಲ್ಲಿ ಇಲ್ಲ ಅಂದರೆ ತರಿಸಿಕೊಡೋಕೆ ಹೇಳಿ. ಗ್ಲಾರ್ಜಿನ್‌ಗೆ ನೀರು ಬೆರೆಸಿ ತೆಳ್ಳಗೆ ಮಾಡೋ ಸಾಹಸ ಬೇಡ, ಅದು ಕೆಲಸ ಮಾಡೋ ರೀತಿಯೇ ಕೆಟ್ಟುಹೋಗುತ್ತೆ.

ಚುಚ್ಚಿದ ಮೇಲೆ ಕೂದಲು ಒದ್ದೆ ಆಗಿ ಆಸ್ಪತ್ರೆ ವಾಸನೆ ಬಂದರೆ ಔಷಧಿ ಹೊರಗೆ ಹೋಗಿದೆ ಅಂತ. ಆಗಲೂ ಎರಡನೇ ಸಲ ಕೊಡಬೇಡಿ. ಎಷ್ಟು ಒಳಗೆ ಹೋಯ್ತು ಯಾರಿಗೆ ಗೊತ್ತು? ಮುಂದಿನ ಹೊತ್ತಿಗೆ ಸರಿ ಹೋಗುತ್ತೆ.

ಕುಂದಾಪುರ ಕಾಮತ್
ಅಡುಗೆಮನೆಯಲ್ಲಿ ಜೇನುತುಪ್ಪ ಕೈಗೆ ಸಿಗೋ ಹಾಗೆ ಇಟ್ಟಿರಿ. ತೂರಾಡೋದು, ಕಾಲಲ್ಲಿ ಶಕ್ತಿ ಇಲ್ಲದಿರೋದು, ಮಂಕಾಗೋದು ಕಂಡರೆ ಮೊದಲು ರೀಡಿಂಗ್. ನೋಡೋಕೆ ಆಗದಿದ್ದರೆ ಕಡಿಮೆ ಆಗಿದೆ ಅಂತಲೇ ತಿಳಿದುಕೊಳ್ಳಿ. ತಿನ್ನೋ ಸ್ಥಿತಿಯಲ್ಲಿದ್ದರೆ ಊಟ ಹಾಕಿ, ಇಲ್ಲದಿದ್ದರೆ ಒಸಡಿಗೆ ಜೇನು ಸವರಿ ಆಸ್ಪತ್ರೆಗೆ ಹೊರಡಿ. ಫಿಟ್ಸ್ ಬರ್ತಾ ಇದ್ದರೆ ಬಾಯೊಳಗೆ ಏನೂ ಸುರಿಯಬೇಡಿ, ಉಸಿರಿನ ನಾಳಕ್ಕೆ ಹೋಗುತ್ತೆ. ಬೆರಳೂ ಹಾಕಬೇಡಿ, ಕಚ್ಚುತ್ತೆ.

ಅಲ್ರೀ ಧಾರವಾಡ
ಆಯ್ತು ಬಿಡ್ರೀ, ಒಪ್ಪಿದೆ. ಆದರೂ ಎರಡು ದಿನಕ್ಕೊಮ್ಮೆ ಡೋಸ್ ಬದಲಾಯಿಸೋದು ನನಗೆ ಸರಿ ಕಾಣಲ್ಲ.

ಪುಟ್ಟಿ ಮೈಸೂರು
ಅದರಲ್ಲಿ ನಾನು ನಿಮ್ಮ ಪಕ್ಷ. ಅಪಾಯ ಇದ್ದಾಗ ಇಳಿಸೋದು ತಕ್ಷಣ. ಏರಿಸೋದು ಮಾತ್ರ ಒಂದು ವಾರ ಕಾದು, ಕರ್ವ್ (ದಿನವಿಡೀ ಎರಡೆರಡು ಗಂಟೆಗೊಮ್ಮೆ ತೆಗೆದ ರೀಡಿಂಗ್) ನೋಡಿ, ಡಾಕ್ಟರ್ ಕೇಳಿ. ಒಂದು ರೀಡಿಂಗ್ 320 ಬಂತು ಅಂತ ಅದೇ ರಾತ್ರಿ ಏರಿಸಬಾರದು. ಕ್ಲಿನಿಕ್‌ಗೆ ಕರೆದುಕೊಂಡು ಹೋದ ಭಯಕ್ಕೇ ಆರೋಗ್ಯವಾಗಿರೋ ಬೆಕ್ಕಿನ ಶುಗರ್ ಕೂಡ 300 ಹತ್ತಿರ ಹೋಗುತ್ತೆ. ಫ್ರಕ್ಟೋಸಮೈನ್ ಮಾಡಿಸೋದು ಅದಕ್ಕೇ, ಹಿಂದಿನ ಎರಡು ಮೂರು ವಾರದ ಲೆಕ್ಕ ಅದರಲ್ಲಿ ಸಿಗುತ್ತೆ.

ಗುಂಡನ ಮನೆ
ಭಾನುವಾರದ್ದು ಇಲ್ಲಿದೆ. ಡೋಸ್ ಅರ್ಧ ಯೂನಿಟ್, ಊಟ ಬರೀ ಪೌಚ್.
ಬೆಳಿಗ್ಗೆ 7: 264
9: 238
11: 190
ಮಧ್ಯಾಹ್ನ 1: 161
3: 158
5: 196
ಸಂಜೆ 7: 249

ಮಾವ ಗ್ರಾಫ್ ಹಾಳೆ ತಂದು ಚುಕ್ಕೆ ಸೇರಿಸಿ ಫ್ರಿಜ್‌ಗೆ ಅಂಟಿಸಿದ್ದಾರೆ. ಅವರದ್ದೂ ಪಕ್ಕದಲ್ಲೇ, ಬೇರೆ ಬಣ್ಣದಲ್ಲಿ.

ಪುಟ್ಟಿ ಮೈಸೂರು
ಒಳ್ಳೇ ಬಟ್ಟಲಿನ ಆಕಾರ! ಗುಂಡಿ 158, ಎಲ್ಲೂ ಧಡ್ ಅಂತ ಬಿದ್ದಿಲ್ಲ. ಡಾಕ್ಟರ್ ಬೇರೆ ಏನಾದರೂ ಹೇಳೋವರೆಗೆ ಡೋಸ್ ಮುಟ್ಟಬೇಡಿ.

ಬೆಕ್ಕಿನ ಹಿಂದೆ
ಮಾವನ ಗ್ರಾಫ್ ಹೇಗಿದೆ?

ಗುಂಡನ ಮನೆ
ಶನಿವಾರ ಮದುವೆ ಮನೆ ಇತ್ತು. ಕೇಳಬೇಡಿ.

ಚಿಕ್ಕಪೇಟೆ ಚಂದ್ರು
ನಮ್ಮ ಪಕ್ಕದ ಮನೆಯವರ ಲ್ಯಾಬ್ರಡಾರ್‌ಗೂ ಶುಗರ್ ಅಂತೆ. ನಾಯಿಗೂ ಇದೇ ಲೆಕ್ಕಾನಾ?

ಔಷಧಿ ಅಂಗಡಿ ತುಮಕೂರು
ಅಲ್ಲ. ನಾಯಿಗೆ ಜೀವನಪೂರ್ತಿ ಇನ್ಸುಲಿನ್ ಬೇಕಾಗೋದೇ ಹೆಚ್ಚು, ಇನ್ಸುಲಿನ್ನೂ ಸಾಮಾನ್ಯವಾಗಿ ಬೇರೆ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.